ಯಂತ್ರಕ್ಕೆ ಕಂಬಳಿ ಹೊದಿಸಿದ ಅತ್ತೆ

ಯಂತ್ರಗಳಿಗೂ ಚಳಿಯಾಗುತ್ತದೆ ಎಂಬುದು ನಿಮಗೆ ಗೊತ್ತಿತ್ತೆ? ಗೊತ್ತಿರಲಿಕ್ಕಿಲ್ಲ. ಅದನ್ನು ಕಂಡುಹಿಡಿದವಳು ನನ್ನ ಅತ್ತೆ, ಅಂದರೆ ಅಪ್ಪನ ತಂಗಿ. ಕಂಡುಹಿಡಿದು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆಕೆ ಅದಕ್ಕೆ ಮದ್ದನ್ನೂ ಮಾಡಿದಳು! ಆ ಮದ್ದಿನ ಪ್ರಭಾವದಿಂದ ಒಂದು ಇಡೀ ಪೇಟೆಯ ಟೆಲಿಫೋನುಗಳು ಮೂಕವಾದವು, ಸುದ್ದಿ ಕೊಯಮತ್ತೂರಿನವರೆಗೆ ಹೋಯಿತು, ಮನೆಯ ಮರ್ಯಾದೆಯ ಜೊತೆಗೆ ಒಂದು ಒಳ್ಳೆಯ ಕಂಬಳಿಯೂ ಹಾಳಾಯಿತು. ಮರ್ಯಾದೆಯನ್ನು ಎಲ್ಲರೂ ಮರೆತಿದ್ದಾರೆ. ಕಂಬಳಿಯ ವಿಷಯವನ್ನು ಮಾತ್ರ ಅಮ್ಮ ಇವತ್ತಿಗೂ ಎತ್ತಿ ಆಡುತ್ತಾಳೆ.

ಊಟಿಯ ಬೆಟ್ಟಸೀಮೆಯಲ್ಲಿ, ದೇವಾಲದಿಂದ ಪಂದಲೂರಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಪೇಟೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅತ್ತೆ ನನ್ನನ್ನು ಸುಮ್ಮನೆ ಬಿಡುವವಳಲ್ಲ. ಸುತ್ತ ಟೀ ಎಸ್ಟೇಟು, ನಡುವೆ ಒಂದು ಬಸ್ ಸ್ಟಾಪು, ಒಂದಷ್ಟು ಅಂಗಡಿ, ಒಂದು ಆಸ್ಪತ್ರೆ, ಒಂದು ಪೊಲೀಸ್ ಠಾಣೆ. ಮಳೆ ಹಿಡಿಯಿತೆಂದರೆ ಕೊಡೆ ಮಡಿಸುವುದು ಹೇಗೆಂದೇ ಜನಕ್ಕೆ ಮರೆತುಹೋಗುತ್ತದೆ. ಒಗೆದ ಬಟ್ಟೆ ಒಣಗಬೇಕಾದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕು. ಈ ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅತ್ತೆ ಆಪರೇಟರ್ ಆಗಿದ್ದಳು.

ಈಗಿನ ಮಕ್ಕಳಿಗೆ ಆಪರೇಟರ್ ಎಂದರೆ ತಿಳಿಯುವುದಿಲ್ಲ, ಅದಕ್ಕೆ ಹೇಳುತ್ತೇನೆ. ತೊಂಬತ್ತರ ದಶಕದ ನಡುವಿನವರೆಗೂ ನಮ್ಮ ಪೇಟೆಯಲ್ಲಿ ಫೋನಿಗೆ ಒತ್ತುವ ಗುಂಡಿಯಾಗಲಿ ತಿರುಗಿಸುವ ಚಕ್ರವಾಗಲಿ ಇರಲಿಲ್ಲ. ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನ ಮರದ ಬೋರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಅಲ್ಲಿ ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿಕೊಂಡು ಕುಳಿತ ಅತ್ತೆ "ನಂಬರ್ ಪ್ಲೀಸ್" ಎನ್ನುತ್ತಿದ್ದಳು. ಹೇಳಿದ ನಂಬರಿನ ತೂತಿಗೆ ವೈರು ಚುಚ್ಚಿದರೆ ಇಬ್ಬರಿಗೂ ಮಾತು. ಮೈಸೂರು, ಊಟಿ ಎಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಕಾದು, ಮತ್ತೆ ಕಾದು, ಆಮೇಲೆ ಕಿರುಚಬೇಕು.

ಆದರೆ ನಂಬರ್ ಪ್ಲೀಸ್ ಎಂದು ಕೇಳುವುದು ಬರೀ ಶಾಸ್ತ್ರಕ್ಕೆ. ಅಲ್ಲಿ ನಂಬರು ಹೇಳುತ್ತಿದ್ದವರು ಯಾರು? ಡಾಕ್ಟರ್ ಬೇಕು ಎಂದರೆ ಸಾಕು, ಡಾಕ್ಟರು ಈಗ ಮನೆಯಲ್ಲಿಲ್ಲ, ಎಸ್ಟೇಟ್ ಮ್ಯಾನೇಜರ ಮಗುವಿಗೆ ಜ್ವರವೆಂದು ಹೋಗಿದ್ದಾರೆ, ಅಲ್ಲಿಗೇ ಕೊಡುತ್ತೇನೆ ಇರಿ ಎಂದು ಅತ್ತೆಯೇ ಹುಡುಕಿ ಕೊಡುತ್ತಿದ್ದಳು. ನಮ್ಮದು ತಲೆಮಾರುಗಳಿಂದ ಬೆಟ್ಟದಲ್ಲೇ ಇರುವ ಲಿಂಗಾಯತ ಮನೆತನ. ಮನೆಯೊಳಗೆ ನಮ್ಮದೇ ಮಾತು, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ಮಲಯಾಳ. ಅತ್ತೆ ಮೂರರಲ್ಲೂ ಬೈಯಬಲ್ಲವಳಾಗಿದ್ದಳು. ಲೈನಿಗೆ ಬಂದವರ ಉಸಿರು ಕೇಳಿಯೇ ಅದು ಯಾವ ಭಾಷೆಯ ಉಸಿರು ಎಂದು ಹೇಳುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿ, ನನಗೇನು!

ಒಬ್ಬ ಜವಳಿ ಅಂಗಡಿಯವನಿದ್ದ. ಮುಂಗೋಪಿ. ಹೆಂಡತಿಯ ಮೇಲೆ ಸಿಟ್ಟು ಬಂದಾಗಲೆಲ್ಲ ಮಾವನ ಮನೆಗೆ ಫೋನು ಮಾಡಿ, ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದು ಕೂಗಾಡುವುದು ಅವನ ಅಭ್ಯಾಸ. ಅವನ ದನಿಯ ಬಿಸಿ ಗೊತ್ತಾದ ಕೂಡಲೇ ಅತ್ತೆ ಲೈನ್ ಬಿಜಿ ಎಂದುಬಿಡುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಕೇಳಿದರೂ ಬಿಜಿ. ಸಂಜೆ ಹೊತ್ತಿಗೆ ಅವನಿಗೆ ಸಿಟ್ಟು ಇಳಿದು, ಹಸಿವಾಗಿ, ಹೆಂಡತಿ ಬಡಿಸಿದ ಅನ್ನ ಉಂಡು ಮಲಗುತ್ತಿದ್ದ. ಆ ಸಂಸಾರ ಇವತ್ತಿಗೂ ಗಟ್ಟಿಯಾಗಿದೆ, ಮೊಮ್ಮಕ್ಕಳಾಗಿದ್ದಾರೆ.

ಇಷ್ಟೆಲ್ಲ ಊರಿಗೆ ಬೇಕಾದವಳನ್ನು ಊರಿನವರು ಮುಖ ನೋಡಿ ಗುರುತಿಸುತ್ತಿರಲಿಲ್ಲ ಎಂಬುದು ಇನ್ನೊಂದು ತಮಾಷೆ. ಬೆಳಿಗ್ಗೆ ಮಂಜಿನಲ್ಲಿ ತಲೆಗೆ ಸ್ಕಾರ್ಫು ಸುತ್ತಿಕೊಂಡು ಒಳಹೊಕ್ಕರೆ ಸಂಜೆ ಮಂಜಿನಲ್ಲೇ ಹೊರಗೆ ಬರುವವಳು. ಒಮ್ಮೆ ಹೊಸ ಕಿರಾಣಿ ಅಂಗಡಿಯವನು ಅವಳನ್ನು ಕಾಯಿಸಿ, ಬೇರೆಯವರಿಗೆಲ್ಲ ಸಾಮಾನು ಕಟ್ಟಿಕೊಡುತ್ತಿದ್ದನಂತೆ. ಅತ್ತೆ ಬಾಯಿ ತೆರೆದು, ಒಂದು ಕಿಲೋ ರವೆ ಎಂದಳು. ಅಷ್ಟೇ! ಅವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, ಅಯ್ಯೋ ಎಕ್ಸ್‌ಚೇಂಜ್ ಅಕ್ಕನಾ ಎಂದು ಸ್ಟೂಲು ಹಾಕಿ ಕೂರಿಸಿದ. ರವೆಯನ್ನು ಎರಡು ಸಲ ಜರಡಿ ಹಿಡಿದು ಕೊಟ್ಟ.

ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ. ಕೇಳಿದಿರಾ? ಸರಿ. ಕೋತಗಿರಿ ಕಡೆಯಿಂದ ಹೆಣ್ಣು ನೋಡಲು ಬಂದಿದ್ದರು. ಹುಡುಗನ ಅಪ್ಪ ಏನೋ ಕೇಳುತ್ತಿದ್ದಾಗ ಜೋರು ಮಳೆ ಶುರುವಾಯಿತು. ಅತ್ತೆಗೆ ಎಕ್ಸ್‌ಚೇಂಜಿನ ಕಿಟಕಿ ಹಾಕಿದ್ದೇನೋ ಇಲ್ಲವೋ ಎಂದು ಅನುಮಾನ ಬಂತು. ಒಂದು ನಿಮಿಷ ಇರಿ ಎಂದು ಆ ಹಿರಿಯರಿಗೆ ಹೇಳಿ ಎದ್ದು ಹೋದವಳು ಬೋರ್ಡನ್ನು ಒರೆಸಿ, ಒಣಗಿಸಿ ಬರುವಾಗ ಅವರು ಕೊನೆಯ ಬಸ್ಸು ಹಿಡಿದು ಹೋಗಿದ್ದರು. ಆಮೇಲೆ ಬಂದ ಸಂಬಂಧಗಳಿಗೂ ಹೆಚ್ಚುಕಡಿಮೆ ಅದೇ ಗತಿ ಆಯಿತು.

ಬೋರ್ಡು ಒಣಗಿಸುವುದು ಎಂದೆನಲ್ಲ, ಅದು ಮುಖ್ಯ. ನಮ್ಮ ಮಳೆಗಾಲದ ತೇವ ಆ ಬೋರ್ಡಿನ ಪರಮ ಶತ್ರು. ತೇವ ಹಿಡಿದರೆ ಒಬ್ಬರ ಮಾತು ಇನ್ನೊಬ್ಬರ ಲೈನಿಗೆ ಹೋಗುತ್ತಿತ್ತು. ಎಸ್ಟೇಟಿಗೆ ಗೊಬ್ಬರ ಕೇಳಿದವನಿಗೆ ಯಾರದೋ ಸೊಸೆಯ ಬಸಿರಿನ ಸುದ್ದಿ ಸಿಗುತ್ತಿತ್ತು. ಅದಕ್ಕೆ ಅತ್ತೆ ಜೂನ್ ತಿಂಗಳು ಬಂದ ಕೂಡಲೇ ಬೋರ್ಡಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದಳು. ಸಂಜೆ ಹೋಗುವಾಗ ಬೋರ್ಡಿನ ಮೇಲೆ ಕಂಬಳಿ ಮುಚ್ಚುತ್ತಿದ್ದಳು. ಸೋಮವಾರ ತನ್ನ ಪೂಜೆ ಮುಗಿಸಿ ಬಂದವಳು ಬೋರ್ಡಿನ ಹಣೆಗೂ ಒಂದು ಬೆರಳು ವಿಭೂತಿ ಎಳೆಯುತ್ತಿದ್ದಳು. ಮೇಲಧಿಕಾರಿಗಳು ಬಂದಾಗ, ಅದು ತೇವ ಹೀರುವ ಪುಡಿ ಎಂದು ಹೇಳಿದ್ದಳಂತೆ.

ನಾನು ಆಗ ಮೈಸೂರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಊರಿನ ಪೋಸ್ಟಾಫೀಸಿನಿಂದ ಅಪ್ಪ ಟ್ರಂಕ್ ಕಾಲ್ ಮಾಡಿದರೆ ಮೊದಲು ಬರುವುದು ಅತ್ತೆಯ ದನಿ. ಮೇಡಂ, ನಿಮಗೆ ಕಾಲ್ ಇದೆ, ಮಾತಾಡಿ ಎನ್ನುತ್ತಿದ್ದಳು. ಮೇಡಂ ಅಂತೆ! ಎತ್ತಿ ಆಡಿಸಿ, ಮೂಗು ಒರೆಸಿ, ತಲೆಯ ಹೇನು ಹೆಕ್ಕಿದವಳಿಗೆ ನಾನು ಮೇಡಂ! ಅತ್ತೆ ಚೆನ್ನಾಗಿದ್ದೀಯಾ ಎಂದು ನಾನು ಕೇಳುವಷ್ಟರಲ್ಲಿ ಟಕ್ ಎಂದು ಅಪ್ಪನಿಗೆ ಕೊಟ್ಟು ತಾನು ಮಾಯ. ಊರಿಗೆ ಹೋದಾಗ ಜಗಳ ತೆಗೆದೆ. ಲೈನು ಊರಿನವರದು, ಅದರಲ್ಲಿ ನನ್ನ ಮಾತು ತುರುಕಿದರೆ ಕಳ್ಳತನವಾಗುತ್ತದೆ ಎಂದಳು. ಅಷ್ಟು ವರ್ಷ ಆ ತಂತಿಗಳ ಮೇಲೆ ತನ್ನದು ಎಂದು ಒಂದು ಮಾತನ್ನೂ ಆಡಿರಲಿಲ್ಲ ಮಹಾತಾಯಿ.

ಇಂಥ ರಾಜ್ಯಭಾರ ನಡೆಯುತ್ತಿರುವಾಗ ಸುದ್ದಿ ಬಂತು: ಹೊಸ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬರುತ್ತದೆ, ಜನ ತಾವೇ ಗುಂಡಿ ಒತ್ತಿ ದಿಲ್ಲಿಗೂ ಮಾತಾಡಬಹುದು. ಬೋರ್ಡಿಗೆ ಇಬ್ಬರು ಆಪರೇಟರುಗಳಿದ್ದರು. ಹೊಸದಕ್ಕೆ ನೋಡಿಕೊಳ್ಳಲು ಒಬ್ಬರು ಸಾಕು. ಇನ್ನೊಬ್ಬರಿಗೆ ಬಯಲು ಸೀಮೆಗೆ ವರ್ಗ. ಯಾರನ್ನು ಇಟ್ಟುಕೊಳ್ಳುವುದು ಎಂದು ಹೇಳಬೇಕಾದವನು ಯಂತ್ರ ಕೂರಿಸಲು ಬರುವ ಇಂಜಿನಿಯರು.

ಆ ಇನ್ನೊಬ್ಬ ಆಪರೇಟರ್ ಮಹಾಶಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಸುದ್ದಿ ಬಂದ ದಿನದಿಂದ ಆತನ ಬಾಯಲ್ಲಿ ಬರೀ ಕಂಪ್ಯೂಟರ್ ಯುಗ. ಪೇಟೆಯ ಟೀ ಅಂಗಡಿಯಲ್ಲಿ ಅದರ ಬಗ್ಗೆ ಭಾಷಣ ಮಾಡಿದ. ಯಂತ್ರ ಲಾರಿಯಿಂದ ಇಳಿದಾಗ ಮಾಲೆ ಹಾಕಿದವನೂ ಅವನೇ, ನಿಂಬೆಹಣ್ಣು ಇಟ್ಟವನೂ ಅವನೇ. ಆದರೆ ಅದನ್ನು ಮುಟ್ಟು ಎಂದರೆ ಮಾತ್ರ ಅವನಿಗೆ ಯಾವಾಗಲೂ ಹೊಟ್ಟೆ ಕೆಟ್ಟಿರುತ್ತಿತ್ತು! ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗಲೂ ನಾನು ಇದನ್ನೇ ಕಂಡೆ. ಜೋರಾಗಿ ಬೈದ ಹೆಡ್ ಕ್ಲಾರ್ಕು ತಿಂಗಳೊಳಗೆ ಕಲಿತು ಊಟದ ಹೊತ್ತಿನಲ್ಲಿ ಅದರಲ್ಲಿ ಇಸ್ಪೀಟು ಆಡುತ್ತಿದ್ದರು. ಬಾಯ್ತುಂಬ ಹೊಗಳಿದವರು ಅದಕ್ಕೆ ಕವರು ಹೊಲಿಸಿ, ಕವರು ತೆಗೆಯದೆಯೇ ನಿವೃತ್ತರಾದರು. ಯಂತ್ರ ಎಲ್ಲ ಕಡೆ ಒಂದೇ. ಅದರ ಮುಂದೆ ಕೂರುವವರ ಮನಸ್ಸಿನೊಳಗೆ ಏನಿದೆಯೋ ಅದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ.

ಅತ್ತೆಯ ಮನಸ್ಸಿನೊಳಗೆ ಇದ್ದದ್ದು ಭಯ. ಅಪ್ಪ ಸಮಾಧಾನ ಮಾಡಲು ಹೋಗಿದ್ದರು. ವರ್ಗವಾದರೆ ಆಗಲಿ, ಸಂಬಳ ಎಲ್ಲಿದ್ದರೂ ಬರುತ್ತದಲ್ಲ, ಬಯಲಿನಲ್ಲಿ ಬಿಸಿಲಾದರೂ ಇದೆ ಎಂದರಂತೆ. ಅತ್ತೆ, "ಸಂಬಳದ ಮಾತಲ್ಲ ಅಣ್ಣ. ಈ ಊರಿಗೆ ನನ್ನ ದನಿ ಗೊತ್ತು, ಮುಖ ಗೊತ್ತಿಲ್ಲೆ. ದನಿ ಬೇಡ ಅಂದ ಮೇಲೆ ನಾ ಇಲ್ಲಿ ಯಾರು?" ಎಂದಳು. ಅಪ್ಪ ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು.

ಯಂತ್ರ ಬಂತು. ಬೀರುವಿನಷ್ಟು ಎತ್ತರದ ಬೂದು ಬಣ್ಣದ ಪೆಟ್ಟಿಗೆ. ಅತ್ತೆ ಅದರ ಹೆಸರು ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದಳು. ಸವತಿಯನ್ನು ನೋಡುವ ಹಾಗೆ ನೋಡಿ ಅದಕ್ಕೆ ಬೆನ್ನಾಗುವಂತೆ ಕುರ್ಚಿಯನ್ನು ತಿರುಗಿಸಿಕೊಂಡು ಕೂತಳು. ಇಂಜಿನಿಯರು ಕೊಯಮತ್ತೂರಿನ ತಮಿಳು ಹುಡುಗ, ಒಳ್ಳೆಯ ಸ್ವಭಾವದವನು; ಕಿವಿಗೆ ಮಫ್ಲರ್ ಸುತ್ತಿಕೊಂಡು ಗಡಗಡ ನಡುಗುತ್ತಲೇ ವೈರು ಜೋಡಿಸುತ್ತಿದ್ದ. ಧೂಳು ಹೋಗಬಾರದು, ಚಪ್ಪಲಿ ಹೊರಗೆ ಬಿಡಬೇಕು ಎಂದು ನಿಯಮ ಮಾಡಿದ. ಸರಿ, ಗುಡಿ ಎಂದುಕೊಂಡರಾಯಿತು. ಆಮೇಲೆ ಒಂದು ಲಾರಿಯಲ್ಲಿ ಏರ್ ಕಂಡೀಷನರ್ ಬಂತು ನೋಡಿ!

ಯೋಚಿಸಿ. ಆಷಾಢದ ಮಳೆ. ಎಮ್ಮೆಗಳಿಗೂ ಗೋಣಿ ಹೊದಿಸುವ ಊರು. ಅಲ್ಲಿಗೆ ಸರ್ಕಾರ ಖರ್ಚು ಮಾಡಿ ಲಾರಿಯಲ್ಲಿ ಚಳಿ ಕಳಿಸುತ್ತದೆ! ಪೇಟೆಯ ಜನ ಸಾಲಾಗಿ ಬಂದು, ಚಪ್ಪಲಿ ಬಿಟ್ಟು, ಆ ಕೋಣೆಯೊಳಗೆ ಕೈ ಚಾಚಿ ನೋಡಿ, ಅಯ್ಯಪ್ಪಾ ಎಂದು ಹೊರಗೆ ಓಡಿದರು. ಈ ಪೆಟ್ಟಿಗೆಗೆ ತಣ್ಣಗಿರಬೇಕು ಎಂದು ಇಂಜಿನಿಯರು ಹೇಳಿದ್ದೇನೋ ನಿಜ. ಯಾಕೆ ಎಂದು ಹೇಳಲು ಅವನಿಗೆ ಹಲ್ಲು ಕಟಕಟಿಸುವುದು ನಿಲ್ಲಬೇಕಿತ್ತಲ್ಲ!

ಹೊಸ ಎಕ್ಸ್‌ಚೇಂಜ್ ಚಾಲೂ ಆಯಿತು. ಜನ ತಾವೇ ಗುಂಡಿ ಒತ್ತಿ ಮಾತಾಡತೊಡಗಿದರು. ಹಳೆಯ ಬೋರ್ಡಿನ ವೈರುಗಳನ್ನು ಕತ್ತರಿಸಿದರು. ಅತ್ತೆಗೆ ಕೆಲಸವೆಂದರೆ ಪೆಟ್ಟಿಗೆಯ ದೀಪಗಳನ್ನು ನೋಡುವುದು: ಹಸಿರು ಇದ್ದರೆ ಸರಿ, ಕೆಂಪು ಬಂದರೆ ಗೂಡಲೂರಿನ ಮೇಲಿನ ಕಚೇರಿಗೆ ತಿಳಿಸುವುದು. ಕುರ್ಚಿ ತಿರುಗಿಸಿಕೊಂಡವಳು ಹಸಿರು ನೋಡುವುದು ಹೇಗೆ? ಅದಕ್ಕೆ ಕನ್ನಡಿಯಲ್ಲಿ ನೋಡುತ್ತಿದ್ದಳಂತೆ.

ಒಂದು ಭಾನುವಾರ ಇಂಜಿನಿಯರು ಗೂಡಲೂರಿಗೆ ಹೋಗಿದ್ದ. ಮಹಾಶಯನಿಗೆ ಎಂದಿನಂತೆ ಹೊಟ್ಟೆ ಸರಿಯಿರಲಿಲ್ಲ. ಹೊರಗೆ ಬೆಟ್ಟ ಕೊಚ್ಚುವ ಮಳೆ. ಅತ್ತೆ ಒಬ್ಬಳೇ. ಪೆಟ್ಟಿಗೆಯೊಳಗಿಂದ ಗುಂಯ್ ಎಂಬ ಸದ್ದು. ಬಹಳ ಹೊತ್ತು ತಡೆದುಕೊಂಡಳು. ಕೊನೆಗೆ ಹೋಗಿ ಮೊದಲ ಸಲ ಅದರ ಮೈ ಮುಟ್ಟಿದಳು. ಐಸು! ಅದೂ ಅಲ್ಲದೆ ಸಣ್ಣಗೆ ನಡುಗುತ್ತಿದೆ. ಫ್ಯಾನು ತಿರುಗಿದರೆ ಪೆಟ್ಟಿಗೆ ನಡುಗದೆ ಇನ್ನೇನು ಮಾಡುತ್ತದೆ? ಆದರೆ ನಮ್ಮ ಅತ್ತೆಗೆ ತಣ್ಣಗಿನ ಮೈ ನಡುಗಿದರೆ ಒಂದೇ ಅರ್ಥ. ಎಷ್ಟೇ ಸವತಿಯಾದರೂ ಮನೆಗೆ ಬಂದವಳನ್ನು ಮಳೆಗಾಲದಲ್ಲಿ ಹೀಗೆ ನಿಲ್ಲಿಸುತ್ತಾರೆಯೇ?

ಏರ್ ಕಂಡೀಷನರ್ ಆರಿಸಿದಳು. ಕಿಟಕಿ ಭದ್ರಮಾಡಿದಳು. ಹಳೆಯ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಪೆಟ್ಟಿಗೆಯ ಕಾಲ ಬಳಿ ಇಟ್ಟಳು. ಮನೆಗೆ ಓಡಿ, ಅಮ್ಮ ತವರಿನಿಂದ ತಂದ ದಪ್ಪ ಕಂಬಳಿಯನ್ನು ಅಟ್ಟದಿಂದ ಎಳೆದು ತಂದು ಯಂತ್ರಕ್ಕೆ ತಲೆಯಿಂದ ಕೆಳಗಿನವರೆಗೆ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಯಂತ್ರ ಕೀಂ ಕೀಂ ಎಂದು ಕೂಗತೊಡಗಿತು. ಪಾಪ, ಬೆಚ್ಚಗಾದ ಮೇಲೆ ದನಿ ಬಂತು ಎಂದು ಅತ್ತೆಗೆ ಸಮಾಧಾನ! ಕಂಬಳಿಯ ಅಂಚನ್ನು ಇನ್ನೂ ಒಳಗೆ ಸಿಕ್ಕಿಸಿದಳು. ಹಸಿರೋ ಕೆಂಪೋ ನೋಡೋಣವೆಂದರೆ ದೀಪಗಳೆಲ್ಲ ಕಂಬಳಿಯೊಳಗೆ. ಆಮೇಲೆ ಕೂಗು ನಿಂತಿತು. ನಿದ್ದೆ ಬಂತು ಎಂದುಕೊಂಡಳು.

ನಿದ್ದೆ ಬಂದದ್ದು ಪೇಟೆಯ ಫೋನುಗಳಿಗೆಲ್ಲ. ಆಸ್ಪತ್ರೆ ಮೂಕ, ಠಾಣೆ ಮೂಕ, ಎಸ್ಟೇಟುಗಳೆಲ್ಲ ಮೂಕ. ಜನ ಕೊಡೆ ಹಿಡಿದು ಎಕ್ಸ್‌ಚೇಂಜಿನ ಮುಂದೆ ಸೇರಿದರು. ಕಂಪ್ಯೂಟರ್ ಯುಗದ ಮಹಾಶಯ ಹೊಟ್ಟೆ ಹಿಡಿದುಕೊಂಡೇ ಬಂದು, ನಾನು ಆವತ್ತೇ ಹೇಳಿದ್ದೆ ಎಂದ. ಏನು ಹೇಳಿದ್ದನೋ ಅವನಿಗೇ ಗೊತ್ತು. ಠಾಣೆಯವರು ಗೂಡಲೂರಿಗೆ ವಯರ್‌ಲೆಸ್ಸಿನಲ್ಲಿ ತಿಳಿಸಿದ ಮೇಲೆ ಇಂಜಿನಿಯರು ಬಸ್ಸಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದು ಇಳಿದ. ಚಪ್ಪಲಿ ಬಿಟ್ಟು ಬಾಗಿಲು ತೆಗೆದ. ಒಳಗೆ ಬಾಣಂತಿ ಕೋಣೆಯ ಬಿಸಿ, ಇದ್ದಿಲಿನ ವಾಸನೆ, ನಡುವೆ ಕಂಬಳಿ ಹೊದ್ದು ನಿಂತ ಸರ್ಕಾರದ ಆಸ್ತಿ. ಕಂಬಳಿಯ ಮೂಲೆಗೆ ಕಿಡಿ ಹಾರಿ ಅಂಗೈಯಗಲ ತೂತು.

ಯಾರು ಮಾಡಿದ್ದು ಎಂದು ಅವನು ಕೇಳಿದ. ಇಷ್ಟು ಜನರೆದುರಿಗೆ ಅತ್ತೆ ಏನಾದರೊಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ. ಮುಟ್ಟಿ ನೋಡಿದೆ, ನಡುಗ್ತಾ ಇತ್ತು. ನೋಡ್ಕೊಂಡು ಸುಮ್ನೆ ಕೂರೋಕೆ ಆಗಲಿಲ್ಲೆ. ಅದು ನನ್ನ ಕೆಲಸ ಕಿತ್ಕೊಂಡಿದ್ದು ನಿಜ, ಹಾಗಂತ ಚಳೀಲಿ ಸಾಯಲಿ ಅನ್ನೋಕೆ ಆಗ್ತದಾ?"

ಇಂಜಿನಿಯರು ಕಂಬಳಿ ತೆಗೆದ. ಕಿಟಕಿ ತೆಗೆದ. ಯಂತ್ರ ತಣಿಯುವವರೆಗೆ ಮಾಡುವ ಕೆಲಸವೇನೂ ಇರಲಿಲ್ಲ. ಅಗ್ಗಿಷ್ಟಿಕೆಯನ್ನು ಜಗಲಿಗೆ ತಂದಿಟ್ಟರು. ಯಂತ್ರಕ್ಕೆ ಬೇಡವಾದ ಬೆಂಕಿ ಒದ್ದೆಯಾದ ಇಂಜಿನಿಯರಿಗೆ ಬೇಕಾಯಿತು. ಇಬ್ಬರೂ ಎದುರುಬದುರು ಕೂತರು. ಅತ್ತೆ ಆಗಲೇ ಮನಸ್ಸಿನಲ್ಲಿ ಟ್ರಂಕು ಕಟ್ಟಿಯಾಗಿತ್ತು. ಕೈ ಕಾಯಿಸಿಕೊಳ್ಳುತ್ತಾ ಆ ಹುಡುಗ ಕೊನೆಗೆ ಬಾಯಿ ಬಿಟ್ಟ.

"ಅಮ್ಮ, ಎಷ್ಟೋ ಊರಲ್ಲಿ ಈ ಪೆಟ್ಟಿಗೆ ಇಟ್ಟು ಬಂದೆ. ಒಂದು ಕಡೆ ವೈರ್ ಕಿತ್ತರು, ಒಂದು ಕಡೆ ಬೇಕಂತಲೇ ಟೀ ಚೆಲ್ಲಿದರು. ಕಂಬಳಿ ಹೊದಿಸಿದ್ದು ನೀವೊಬ್ಬರೇ. ನಾಳೆಯಿಂದ ನನ್ನ ಪಕ್ಕ ಕೂತ್ಕೊಳ್ಳಿ. ಇದು ಬೇರೆ ಜಾತಿಯ ಕೂಸು, ಸಾಕೋದು ಹೇಗೆ ಅಂತ ಹೇಳಿಕೊಡ್ತೀನಿ."

ಸಂಜೆಯ ಹೊತ್ತಿಗೆ ಫೋನುಗಳು ಬದುಕಿದವು. ಮಹಾಶಯ ತಾನೇ ಕೇಳಿಕೊಂಡು ಬಯಲಿಗೆ ವರ್ಗ ಮಾಡಿಸಿಕೊಂಡ. ಅಲ್ಲಿ ಕಂಪ್ಯೂಟರ್ ಇಲ್ಲದ ಸೆಕ್ಷನ್ ಹುಡುಕಿ ಸೇರಿದನಂತೆ. ಅತ್ತೆ ಉಳಿದಳು. ಕಲಿತಳು. ಕುರ್ಚಿಯನ್ನು ಯಂತ್ರದ ಕಡೆಗೆ ತಿರುಗಿಸಿದಳು. ಅದು ತಣ್ಣಗಿರಬೇಕು ಎಂದಮೇಲೆ ತಾನು ಎರಡು ಸ್ವೆಟರು ಹಾಕಿಕೊಂಡು ಕೂತಳು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಎಕ್ಸ್‌ಚೇಂಜಿಗೆ ಹೋಗಿ ಅವಳ ಜೊತೆ ಒಂದು ಮಧ್ಯಾಹ್ನ ಕೂತೆ. ಯಂತ್ರ ಗುಂಯ್ ಎನ್ನುತ್ತಿತ್ತು. ಊರೆಲ್ಲ ಅದರೊಳಗೆ ಮಾತಾಡುತ್ತಿತ್ತು, ಅವಳಿಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಯಾರೂ ಬರಲಿಲ್ಲ. ಡಾಕ್ಟರು ಎಲ್ಲಿದ್ದಾರೆ ಎಂದು ಯಾರೂ ಕೇಳಲಿಲ್ಲ. ವಾಪಸು ಬರುವಾಗ ಹೊಸದಾಗಿ ಬಂದ ಬೇಕರಿಯವನ ಹತ್ತಿರ ಅತ್ತೆ ಬನ್ನು ಕೇಳಿದಳು. ಅವನು ತಲೆ ಎತ್ತದೆ ಕಟ್ಟಿಕೊಟ್ಟ. ಅತ್ತೆ ಏನೂ ಆಗದವರ ಹಾಗೆ ಬನ್ನು ಚೀಲಕ್ಕೆ ಹಾಕಿಕೊಂಡಳು.

ಚಳಿಗಾಲದಲ್ಲಿ ನಮ್ಮ ಮನೆಗೂ ಫೋನು ಬಂತು ಎಂದು ಅಪ್ಪ ಕಾಗದ ಬರೆದಿದ್ದರು. ಒಂದು ಸೋಮವಾರ ಕಚೇರಿಯಲ್ಲಿ ನನಗೆ ಕರೆ ಬಂತು. ಎತ್ತಿದೆ. ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಅಷ್ಟರಲ್ಲೇ ಯಾರೆಂದು ತಿಳಿಯಿತು. ಹಳೆಯ ರೂಢಿ ನೋಡಿ, ಅತ್ತೆ, ಯಾರ ಕಾಲ್, ಲೈನು ಕೊಡು ಎಂದೆ. ಮಾತಿಲ್ಲ. ಕಚೇರಿಗೆ ಊರಿನಿಂದ ಫೋನು ಬಂದರೆ ಒಳ್ಳೆಯ ಸುದ್ದಿ ಇರುವುದು ಅಪರೂಪ. ಅಪ್ಪ ಎಲ್ಲಿ, ಅಮ್ಮನಿಗೇನಾಯಿತು, ಯಾರು ಮಾತಾಡುತ್ತಾರೆ, ಬೇಗ ಕೊಡು ಎಂದೆ.

"ಎಲ್ಲಾ ಚೆನ್ನಾಗಿದ್ದಾರೆ. ಕೊಡೋಕೆ ಯಾರೂ ಇಲ್ಲೆ ಕೂಸೆ. ನಾನೇ. ಮಾತಾಡಬೇಕು ಅಂತ ಇರೋದು ನಾನೇ."

ಮೊದಲು ತಪ್ಪಿ ಮೈಸೂರಿನ ಯಾವುದೋ ಹಿಟ್ಟಿನ ಗಿರಣಿಗೆ ಹೋಯಿತು, ಅವರ ಹತ್ತಿರ ಕ್ಷಮೆ ಕೇಳಿದೆ ಎಂದಳು. ಏನು ಹೇಳಬೇಕು ಎಂದು ಬೆಳಿಗ್ಗೆಯಿಂದ ಯೋಚಿಸಿದ್ದೆ, ಈಗ ಒಂದೂ ನೆನಪಿಗೆ ಬರುತ್ತಿಲ್ಲ ಎಂದಳು. ಆಮೇಲೆ ನಿಧಾನವಾಗಿ ಅವಳಿಗೆ ಮಾತು ಬಂತು, ಬಂದದ್ದು ನಿಲ್ಲಲಿಲ್ಲ. ಪಕ್ಕದ ಮೇಜಿನವರು ನನ್ನ ಮುಖ ನೋಡಿ ಗಾಬರಿಯಾಗಿ, ಊರಿನಲ್ಲಿ ಯಾರಿಗೇನಾಯಿತು ಎಂದು ಸನ್ನೆಯಲ್ಲೇ ಕೇಳಿದರು. ಏನೂ ಆಗಿಲ್ಲ, ನಮ್ಮ ಅತ್ತೆ ಫೋನು ಮಾಡಿದ್ದಾಳೆ ಎಂದು, ರಿಸೀವರನ್ನು ಕಿವಿಯಿಂದ ತೆಗೆಯದೆಯೇ, ಒಂದು ಚೀಟಿಯಲ್ಲಿ ಬರೆದು ತೋರಿಸಿದೆ.